ಹೌಜ್ ಖಾಸ್‌ನಲ್ಲಿ ಬಂಟಿಯನ್ನು ಓದಿದ್ದು

ಹೌಜ್ ಖಾಸ್ ಅಂದ ಕೂಡಲೇ ಈಗಿನ ಹುಡುಗರಿಗೆ ನೆನಪಾಗೋದು ಕೆರೆ ದಂಡೆಯ ಕೆಫೆಗಳು, ಬಟ್ಟೆ ಅಂಗಡಿಗಳು, ಎರಡು ಮೆಟ್ರೊ ಸಾಲುಗಳು ಕೂಡುವ ದೊಡ್ಡ ನಿಲ್ದಾಣ. ಚರಿತ್ರೆ ಓದಿದವರಿಗೆ ಅಲ್ಲಾವುದ್ದೀನ್ ಖಿಲ್ಜಿ ತನ್ನ ಸೀರಿ ಕೋಟೆಯ ಜನಕ್ಕೆ ನೀರಿಗೆಂದು ತೋಡಿಸಿದ ಕೆರೆ, ಮುಂದೆ ಅದರ ಹೂಳೆತ್ತಿಸಿ ದಂಡೆಯಲ್ಲಿ ಮದರಸಾ ಕಟ್ಟಿಸಿದ ಫಿರೋಜ್ ಷಾ ತುಘಲಕ್, ಅಲ್ಲೇ ಇರುವ ಅವನ ಗೋರಿ ನೆನಪಾಗಬಹುದು. ನನಗೆ ಮಾತ್ರ ಹೌಜ್ ಖಾಸ್ ಅಂದರೆ ಒಂದು ಬರ್ಸಾತಿ. ಬರ್ಸಾತಿ ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆ. ಮಳೆ ಬಂದಾಗ ತಾರಸಿಯಲ್ಲಿ ಮಲಗಿದವರು ಓಡಿಬಂದು ಸೇರಿಕೊಳ್ಳಲಿ ಅಂತ ಕಟ್ಟಿದ್ದು. ಆಮೇಲೆ ದೆಹಲಿಯ ಮನೆ ಮಾಲೀಕರು ಅದಕ್ಕೊಂದು ಅಡುಗೆಕಟ್ಟೆ, ಒಂದು ಬಚ್ಚಲು ಸೇರಿಸಿ, ನಮ್ಮಂಥ ವರ್ಗಾವಣೆಯ ಜನಕ್ಕೆ ಬಾಡಿಗೆಗೆ ಕೊಡತೊಡಗಿದರು. 1992ರಿಂದ 1995ರವರೆಗೆ ಮೂರು ವರ್ಷ ನಾನು ಅಲ್ಲಿ ಒಬ್ಬಳೇ ಸಂಸಾರ ಮಾಡಿದೆ. ಒಬ್ಬಳೇ ಮಾಡಿದರೆ ಅದಕ್ಕೆ ಸಂಸಾರ ಅನ್ನಬಹುದೋ ಇಲ್ಲವೋ ಅನ್ನೋದೇ ಈ ಬರಹದ ಒಂದು ಪ್ರಶ್ನೆ.

ಈ ಪುಸ್ತಕದಲ್ಲಿ ಬೇರೆಯವರು ತಮ್ಮ ಪರವೂರಿನ ಬದುಕನ್ನು ನೇರವಾಗಿ ಹೇಳಿಕೊಂಡಿದ್ದಾರೆ. ನಾನು ಒಂದು ಕಾದಂಬರಿಯ ನೆಪದಿಂದ ಹೇಳುತ್ತೇನೆ. ಹಿಂದಿಯ ಮನ್ನೂ ಭಂಡಾರಿಯವರ ‘ಆಪ್‌ಕಾ ಬಂಟಿ’, 1971ರದು. ನಾನು ವಿಮರ್ಶಕಿಯಲ್ಲ, ಎಂ.ಕಾಂ. ಓದಿದವಳು, ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಲೆಕ್ಕ ನೋಡಿದವಳು. ಲೆಕ್ಕ ನೋಡುವವರಿಗೆ ಒಂದು ಚಾಳಿ ಇರುತ್ತೆ: ಯಾವ ಪುಟದಲ್ಲಾದರೂ ಒಂದು ಖರ್ಚು ಕಂಡರೆ, ಅದು ಯಾರ ಖಾತೆಗೆ ಬಿತ್ತು ಅಂತ ಹುಡುಕುತ್ತಾರೆ. ಕಾದಂಬರಿಯನ್ನೂ ನಾನು ಹಾಗೇ ಓದಿದ್ದು. ತಪ್ಪಿದ್ದರೆ ಸಾಹಿತ್ಯ ಬಲ್ಲವರು ಮನ್ನಿಸಬೇಕು.

ಮೊದಲು ಆ ಮನೆಯ ವಿಚಾರ. ಆಫೀಸರ್ ಗ್ರೇಡಿನಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಬೇಕಾದರೆ ರಾಜ್ಯದ ಹೊರಗೆ ಹೋಗಲೇಬೇಕು ಅನ್ನೋ ಕಾಲ. ಬಡ್ತಿ ಬೇಡ ಅಂತ ಬರೆದುಕೊಟ್ಟ ಹೆಣ್ಣುಮಕ್ಕಳು ಎಷ್ಟೋ ಜನ. ನಾನು ಬರೆದುಕೊಡಲಿಲ್ಲ. ನಮ್ಮನೆಯವರು ಹಾಸನದಲ್ಲಿ ಕಾಲೇಜು ಮೇಷ್ಟ್ರು. ಮಗನಿಗೆ ಏಳು ವರ್ಷ. ಅವನನ್ನು ಅರಸೀಕೆರೆಯಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟು, ಬೆಂಗಳೂರಿಗೆ ಬಂದು, ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ. ಟ್ರಂಕಿನಲ್ಲಿ ಒಂದು ಕುಕ್ಕರು, ಕಾಫಿ ಫಿಲ್ಟರು, ಎರಡು ಕೇಜಿ ಸಾರಿನ ಪುಡಿ, ಅಮ್ಮ ಹಳೇ ಸೀರೆಯಲ್ಲಿ ಸುತ್ತಿಕೊಟ್ಟ ಒಂದು ಒಳಕಲ್ಲಿನ ಗುಂಡು. ಗುಂಡು ಯಾಕೆ ಅಂದರೆ, ‘ಅಲ್ಲಿ ಏನಾದ್ರೂ ಜಜ್ಜೋಕೆ ಬೇಕಾಗತ್ತೆ, ಇಟ್ಕೊ’ ಅಂದಳು. ಬರೀ ಗುಂಡು, ಕಲ್ಲು ಅರಸೀಕೆರೆಯಲ್ಲೇ. ಆ ಮೂರು ವರ್ಷ ನನ್ನ ಮನೆ ಇದ್ದದ್ದೂ ಹಾಗೇ.

ದೆಹಲಿಯಲ್ಲಿ ಮನೆ ನಡೆಸೋದು ಅಂದರೆ ಮೊದಲು ಅಲ್ಲಿಯ ಹೊತ್ತನ್ನು ಕಲಿಯೋದು. ನೀರು ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು; ಕೆಳಗಿನವರು ಮೋಟರು ಹಾಕಿದರೆ ಮಾತ್ರ ತಾರಸಿಗೆ. ಹಾಲಿಗೆ ಮದರ್ ಡೇರಿ ಬೂತು; ಟೋಕನ್ ಹಾಕಿ ಕ್ಯಾನು ಹಿಡಿದರೆ ಯಂತ್ರದಿಂದ ಹಾಲು ಬರೋದು. ಮೇ ತಿಂಗಳಲ್ಲಿ ಬರ್ಸಾತಿಯ ಗೋಡೆ ರಾತ್ರಿ ಹನ್ನೊಂದಕ್ಕೂ ಬಿಸಿ. ಕೂಲರಿಗೆ ನೀರು ತುಂಬಿದರೆ ಸ್ನಾನಕ್ಕೆ ಕಮ್ಮಿ. ಡಿಸೆಂಬರಿನಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆಗೂ ಹಾಲೇ. ದೋಸೆ ಹಿಟ್ಟು ಉಬ್ಬೋದೇ ಇಲ್ಲ. ಹಿಟ್ಟಿನ ಪಾತ್ರೆಗೆ ರಜಾಯಿ ಹೊದಿಸಿ ಮಲಗಿಸೋದನ್ನು ಕಲಿತೆ. ನನಗಿದ್ದದ್ದು ಒಂದೇ ರಜಾಯಿ, ಅದರ ಅರ್ಧ ಹಿಟ್ಟಿಗೆ, ಅರ್ಧ ನನಗೆ. ತೆಂಗಿನಕಾಯಿ, ಕರಿಬೇವು, ನುಗ್ಗೆಕಾಯಿ ಬೇಕಾದರೆ ಐಎನ್ಎ ಮಾರ್ಕೆಟ್ಟಿಗೆ ಹೋಗಬೇಕು. ಕನ್ನಡ ಕೇಳಬೇಕು ಅನ್ನಿಸಿದರೆ ರಾಮಕೃಷ್ಣಪುರದ ಕರ್ನಾಟಕ ಸಂಘ. ಭಾನುವಾರ ರಾತ್ರಿ ಎಸ್‌ಟಿಡಿ ದರ ಇಳಿಯೋ ಹೊತ್ತಿಗೆ ಬೂತಿನ ಮುಂದೆ ಸಾಲು. ಅರಸೀಕೆರೆಯಲ್ಲಿ ಪಕ್ಕದ ಮನೆಗೆ ಫೋನು. ಅವರು ಹೋಗಿ ಕರೆದುಕೊಂಡು ಬರೋ ತನಕ ಮೀಟರು ಓಡುತ್ತಲೇ ಇರೋದು. ಮಗ ಬಂದು ‘ಹಲೋ’ ಅಂದ ಮೇಲೆ ಇಬ್ಬರಿಗೂ ಮಾತು ಸಿಕ್ಕುತ್ತಿರಲಿಲ್ಲ. ‘ಊಟ ಆಯ್ತಾ?’ ಅಂತ ಕೇಳುತ್ತಿದ್ದೆ. ‘ಆಯ್ತು’ ಅನ್ನುತ್ತಿದ್ದ.

ಕೆಳಗಿನ ಮನೆಯ ಮಾತಾಜಿ ದೇಶವಿಭಜನೆಯಲ್ಲಿ ಲಾಹೋರಿನಿಂದ ಬಂದವರು. ನನ್ನ ಹಿಂದಿಯನ್ನು ಕೇಳಿ ಅವರಿಗೆ ನಗು. ನಾನು ಹಿಂದಿ ಪ್ರಚಾರ ಸಭೆಯ ಪರೀಕ್ಷೆ ಕಟ್ಟಿದವಳು, ಬ್ಯಾಂಕಿನಲ್ಲಿ ರಾಜಭಾಷೆಯ ಪ್ರಾಜ್ಞವನ್ನೂ ಮುಗಿಸಿದವಳು. ಬಾಯಿ ತೆಗೆದರೆ ಸುತ್ತೋಲೆ ಓದಿದ ಹಾಗೆ ಬರುತ್ತಿತ್ತು. ‘ಬೇಟಾ, ಮನೆ ಹಿಂದಿ ಬೇಕಾದರೆ ಇದನ್ನು ಓದು’ ಅಂತ ಒಂದು ಹಳೇ ಪ್ರತಿ ಕೊಟ್ಟರು. ಅದೇ ‘ಆಪ್‌ಕಾ ಬಂಟಿ’. 1993ರ ಚಳಿಗಾಲ. ಒಂದು ಪುಟಕ್ಕೆ ಐದಾರು ಸಲ ನಿಘಂಟು ನೋಡುತ್ತಾ ಶುರುಮಾಡಿದೆ. ಮೂವತ್ತು ಪುಟದ ಮೇಲೆ ನಿಘಂಟು ಬಿಟ್ಟೆ. ನೂರು ಪುಟದ ಮೇಲೆ ಪುಸ್ತಕವನ್ನೇ ಬಿಟ್ಟೆ, ಹದಿನೈದು ದಿನ ಮುಟ್ಟಲಿಲ್ಲ.

ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಶಕುನ್ ಒಂದು ಕಾಲೇಜಿನ ಪ್ರಿನ್ಸಿಪಾಲಳು. ಗಂಡ ಅಜಯ್ ಕಲ್ಕತ್ತದಲ್ಲಿ, ಬೇರೆ ಹೆಂಗಸಿನ ಜೊತೆ. ಮಗ ಬಂಟಿ ತಾಯಿಯ ಹತ್ತಿರ. ಮನೆಯಲ್ಲಿ ಅಡುಗೆಗೆ, ಮಗುವಿಗೆ, ಎಲ್ಲಕ್ಕೂ ಫೂಫಿ ಅನ್ನೋ ವಯಸ್ಸಾದ ಹೆಂಗಸು. ವಕೀಲ ಚಾಚಾ ಬಂದು ವಿಚ್ಛೇದನದ ಮಾತಾಡುತ್ತಾರೆ. ಶಕುನ್ ಆಮೇಲೆ ಡಾಕ್ಟರ್ ಜೋಶಿಯನ್ನು ಮದುವೆಯಾಗುತ್ತಾಳೆ. ಅವರಿಗೆ ಮೊದಲೇ ಇಬ್ಬರು ಮಕ್ಕಳು. ಆ ಮನೆಯಲ್ಲಿ ಬಂಟಿಗೆ ತನ್ನದು ಅಂತ ಒಂದು ಮೂಲೆ ಸಿಗೋದಿಲ್ಲ. ಅಪ್ಪನ ಹತ್ತಿರ ಕಲ್ಕತ್ತಕ್ಕೆ ಹೋಗುತ್ತಾನೆ. ಅಲ್ಲೂ ಅವನು ಹೆಚ್ಚಾದ ಒಂದು ತಟ್ಟೆ. ಕೊನೆಗೆ ಹಾಸ್ಟೆಲು. ಇಷ್ಟೇ. ಕೊಲೆ ಇಲ್ಲ, ಕೋರ್ಟಿನ ಗಲಾಟೆ ಇಲ್ಲ, ದುಷ್ಟರು ಅಂತ ಯಾರೂ ಇಲ್ಲ. ಎಲ್ಲರೂ ಒಳ್ಳೆಯವರೇ, ಆದರೂ ಒಂದು ಹುಡುಗ ಕೈಜಾರಿ ಹೋಗುತ್ತಾನೆ.

ಕಾದಂಬರಿಯ ದೊಡ್ಡಸ್ತಿಕೆ ಅದು ಮನೆಯನ್ನು ನೋಡುವ ಎತ್ತರದಲ್ಲಿದೆ. ಬಹುಮಟ್ಟಿಗೆ ಎಲ್ಲವನ್ನೂ ಬಂಟಿಯ ಕಣ್ಣಿನ ಮಟ್ಟದಿಂದ ನೋಡುತ್ತದೆ. ಅಮ್ಮ ಕನ್ನಡಿಯ ಮುಂದೆ ಕೂತು ಕಾಲೇಜಿಗೆ ತಯಾರಾಗೋದನ್ನು ಅವನು ನೋಡುತ್ತಾನಲ್ಲ, ಆ ಭಾಗ ಓದಿದವರು ಮರೆಯೋದಿಲ್ಲ. ಆ ಶೀಶೆಗಳಲ್ಲಿ ಏನೋ ಮಾಟ ಇದೆ, ಅದನ್ನು ಹಚ್ಚಿಕೊಂಡರೆ ತನ್ನ ಅಮ್ಮ ಹೋಗಿ ಪ್ರಿನ್ಸಿಪಾಲ್ ಅನ್ನೋ ಗಡಸು ಮುಖದವಳು ಬರುತ್ತಾಳೆ ಅಂತ ಅವನ ಭಾವನೆ. ನಮ್ಮಲ್ಲಿ ಗೃಹಜೀವನದ ಕಾದಂಬರಿಗಳು ಕಮ್ಮಿಯೇನಲ್ಲ. ತ್ರಿವೇಣಿಯವರು ‘ಬೆಕ್ಕಿನ ಕಣ್ಣು’, ‘ಶರಪಂಜರ’ಗಳಲ್ಲಿ ಮನೆಯೊಳಗೇ ಮನಸ್ಸು ಹೇಗೆ ಒಡೆಯುತ್ತದೆ ಅಂತ ತೋರಿಸಿದರು. ಆದರೆ ಕೆಲಸಕ್ಕೆ ಹೊರಡುವ ಅಮ್ಮನ ಸೀರೆಯ ನೆರಿಗೆಯನ್ನು ಒಂದು ಮಗು ಶತ್ರುವಿನ ಹಾಗೆ ನೋಡೋದನ್ನು ನಾನು ಓದಿದ್ದು ಇಲ್ಲೇ ಮೊದಲು. ನೂರನೇ ಪುಟದ ಹೊತ್ತಿಗೆ ನಾನು ಪುಸ್ತಕ ಬಿಟ್ಟದ್ದೂ ಅದಕ್ಕೇ. ನಾನು ಬ್ಯಾಂಕಿಗೆ ಹೊರಡುವಾಗ ನನ್ನ ಮಗ ಬಾಗಿಲ ಹತ್ತಿರ ಚಪ್ಪಲಿ ಬಚ್ಚಿಡುತ್ತಿದ್ದ. ನಾವೆಲ್ಲ ಅದನ್ನು ಆಟ ಅಂದುಕೊಂಡಿದ್ದೆವು.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರು ಹೇಳಬಹುದು.

ಮೊದಲನೆಯದು. ಕಾದಂಬರಿ ನಡುನಡುವೆ ಶಕುನ್‌ಳ ಮನಸ್ಸಿನೊಳಗೂ ಹೋಗುತ್ತದೆ. ಆದರೆ ಅಲ್ಲಿ ಅವಳ ಕೆಲಸ ಏನಾಗಿದೆ ನೋಡಿ. ಅವಳು ಮೇಲೇರಿದ್ದು ಅಜಯ್‌ಗೆ ತೋರಿಸಬೇಕು ಅನ್ನೋ ಹಟದಿಂದ ಅನ್ನುವ ಹಾಗೆ ಬರುತ್ತದೆ. ಬಂಟಿಯ ಕಣ್ಣಲ್ಲಿ ಅವಳ ಕೆಲಸ ಒಂದು ಮುಖವಾಡ, ಅವಳ ಕಣ್ಣಲ್ಲಿ ಗಂಡನ ಮೇಲಿನ ಒಂದು ಪಂದ್ಯ. ಒಂದು ಕಾಲೇಜು ನಡೆಸೋದರಲ್ಲಿ ಸಿಗುವ ಸಂತೋಷ ಯಾವ ಖಾತೆಯಲ್ಲೂ ಇಲ್ಲ. ನಾನು ದೆಹಲಿಗೆ ಹೋದ ವರ್ಷವೇ ಷೇರು ಹಗರಣ ಹೊರಬಿದ್ದು, ಬ್ಯಾಂಕುಗಳಲ್ಲೆಲ್ಲ ಲೆಕ್ಕ ಹೊಂದಿಸುವ ಕೆಲಸಕ್ಕೆ ಭಾರೀ ಮಹತ್ವ ಬಂದಿತ್ತು. ಶಾಖೆ ಶಾಖೆಗಳ ನಡುವಿನ ಜಮಾಖರ್ಚುಗಳನ್ನು ಒಂದಕ್ಕೊಂದು ತಾಳೆ ಹಾಕುವ ವಿಭಾಗ ನನ್ನದು. ತಿಂಗಳುಗಟ್ಟಲೆ ಜೋಡಿ ಸಿಗದೆ ಕೂತಿದ್ದ ಒಂದು ಎಂಟ್ರಿಗೆ ಎಲ್ಲೋ ಮೂಲೆಯ ಶಾಖೆಯಲ್ಲಿ ಅದರ ಜೋಡಿ ಸಿಕ್ಕಾಗ ಆಗುವ ಖುಷಿ ಇದೆಯಲ್ಲ, ಅದಕ್ಕೂ ನನ್ನ ಗಂಡನಿಗೂ ಏನೂ ಸಂಬಂಧವಿಲ್ಲ. ಹೆಂಗಸು ದುಡಿಯೋದು ಬಡತನಕ್ಕೆ ಅಥವಾ ಹಟಕ್ಕೆ ಅನ್ನೋ ಎರಡೇ ಕಾರಣ ನಮ್ಮ ಕತೆಗಳಿಗೆ ಗೊತ್ತಿದ್ದವು. ಸ್ವತಃ ಮಿರಾಂಡಾ ಹೌಸ್‌ನಂಥ ಕಾಲೇಜಿನಲ್ಲಿ 1964ರಿಂದ 1991ರವರೆಗೆ ಪಾಠ ಮಾಡಿದ ಮನ್ನೂ ಭಂಡಾರಿಯವರು ಮೂರನೆಯ ಕಾರಣವನ್ನು ಬರೆಯಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎರಡನೆಯದು. ಕಾದಂಬರಿ ಓದಿ ಮುಗಿಸಿದವರೆಲ್ಲ ಶಕುನ್‌ಳನ್ನೇ ಬಯ್ಯುತ್ತಾರೆ. ಮಾತಾಜಿಯೂ ಬೈದರು. ಅಜಯ್ ಮಗನನ್ನು ನೋಡೋಕೆ ಯಾವಾಗಲೋ ಒಮ್ಮೆ ಬರುತ್ತಾನೆ, ಆಟದ ಸಾಮಾನು ಕಳಿಸುತ್ತಾನೆ. ಬಂಟಿಗೆ ಅವನು ಹಬ್ಬ. ಶಕುನ್ ದಿನಾ ಇರುವವಳು, ದಿನಾ ಇರುವವಳದ್ದೇ ತಪ್ಪು ಕಾಣೋದು. ಮನೆಯಲ್ಲಿ ಯಾರು ಇರುತ್ತಾರೋ ಖರ್ಚೆಲ್ಲ ಅವರ ಹೆಸರಿಗೇ ಬೀಳುತ್ತದೆ, ಇಲ್ಲದವರ ಖಾತೆ ಶುಭ್ರವಾಗಿರುತ್ತದೆ. ಇದನ್ನು ಲೇಖಕಿಯ ತಪ್ಪು ಅನ್ನಲಾರೆ. ಕಾದಂಬರಿಗೆ ಬರೆದ ಮುನ್ನುಡಿಯಲ್ಲಿ ಅವರು, ಬಂಟಿಗಾಗಿ ಕಣ್ಣೀರು ಹಾಕಿ ಸುಮ್ಮನಾಗಬೇಡಿ ಅನ್ನೋ ಅರ್ಥದಲ್ಲೇ ಹೇಳಿದ್ದಾರೆ. ಆದರೆ ಓದುಗರು ಮುನ್ನುಡಿಯ ಮಾತು ಕೇಳೋದಿಲ್ಲ, ಕಣ್ಣೀರಿನ ಮಾತು ಕೇಳುತ್ತಾರೆ. ಸಿನಿಮಾದವರ ವಿಚಾರ ಇನ್ನೂ ಬೇರೆ. 1986ರಲ್ಲಿ ಇದೇ ಕಾದಂಬರಿಯ ಮೇಲೆ ‘ಸಮಯ್ ಕೀ ಧಾರಾ’ ಅನ್ನೋ ಹಿಂದಿ ಚಿತ್ರ ತಯಾರಾದಾಗ, ತನ್ನ ಪಾತ್ರಗಳನ್ನೂ ಕೊನೆಯನ್ನೂ ಕೆಡಿಸಿದ್ದಾರೆ ಅಂತ ಅವರು ದೆಹಲಿ ಹೈಕೋರ್ಟಿಗೆ ಹೋದರು. ಹಕ್ಕು ಮಾರಿದ ಮೇಲೂ ಕೃತಿಯ ಮಾನ ಕಾಪಾಡಿಕೊಳ್ಳುವ ಅಧಿಕಾರ ಬರೆದವರಿಗೆ ಉಳಿದಿರುತ್ತದೆ ಅನ್ನೋದಕ್ಕೆ ವಕೀಲರು ಇವತ್ತಿಗೂ ಉದಾಹರಿಸುವ ಮೊಕದ್ದಮೆ ಅದು. ಒಬ್ಬ ಲೇಖಕಿ ತಾನು ಕಲ್ಪಿಸಿದ ಹೆಂಗಸಿನ ಮರ್ಯಾದೆಗೆ ಕೋರ್ಟು ಹತ್ತಿದಳು ಅನ್ನೋದು ನನಗೆ ಆ ತೀರ್ಪಿಗಿಂತ ದೊಡ್ಡದು.

ಇಲ್ಲಿ ಒಂದು ವಿಷಯ ಹೇಳಬೇಕು. ಮನ್ನೂ ಭಂಡಾರಿಯವರು ಅನೇಕ ವರ್ಷ ವಾಸವಿದ್ದದ್ದು ಇದೇ ಹೌಜ್ ಖಾಸ್‌ನಲ್ಲಿ. ನಾನು ಅದನ್ನು ತಿಳಿದದ್ದು ಊರಿಗೆ ಬಂದ ಎಷ್ಟೋ ವರ್ಷಕ್ಕೆ, 2007ರಲ್ಲಿ ಬಂದ ಅವರ ಆತ್ಮಕಥನ ‘ಏಕ್ ಕಹಾನೀ ಯಹ್ ಭೀ’ ಓದುವ ಹೊತ್ತಿಗೆ. ಅದರಲ್ಲಿ ಅವರು ತಮ್ಮ ಸಂಸಾರವನ್ನು ಬಚ್ಚಿಟ್ಟಿಲ್ಲ, ಕೂಗಾಡಿಯೂ ಇಲ್ಲ. ಗಂಡ ರಾಜೇಂದ್ರ ಯಾದವ್ ಹಿಂದಿಯ ದೊಡ್ಡ ಲೇಖಕರು, 1986ರಿಂದ ‘ಹಂಸ್’ ಪತ್ರಿಕೆಯನ್ನು ಮತ್ತೆ ನಡೆಸಿದವರು. ಮದುವೆಯಾದ ಹೊಸದರಲ್ಲೇ ಅವರು ‘ಸಮಾನಾಂತರ ಜೀವನ’ ಅನ್ನೋ ಒಂದು ಸೂತ್ರ ಮುಂದಿಟ್ಟರಂತೆ. ಒಂದೇ ಸೂರು, ಆದರೆ ಇಬ್ಬರ ಬದುಕೂ ಬೇರೆ ಬೇರೆ, ಒಬ್ಬರದರಲ್ಲಿ ಇನ್ನೊಬ್ಬರು ತಲೆಹಾಕಬಾರದು. ಕೇಳೋಕೆ ಎಷ್ಟು ಆಧುನಿಕವಾಗಿದೆ! ಆದರೆ ಸೂರು ಅಂದ ಮೇಲೆ ಅದಕ್ಕೆ ಬಾಡಿಗೆ, ಪಡಿತರ, ಮಗುವಿನ ಜ್ವರ, ಬಂದ ನೆಂಟರು ಎಲ್ಲ ಇರುತ್ತಲ್ಲ; ಆ ಸೂರಿನ ಭಾಗ ಹೆಚ್ಚಾಗಿ ಬಿದ್ದದ್ದು ಹೆಂಡತಿಯ ಮೇಲೆ, ಸಮಾನಾಂತರದ ಭಾಗ ಹೋದದ್ದು ಗಂಡನಿಗೆ. ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದರೆ ಜಂಟಿ ಖಾತೆ ತೆರೆದು, ಕಟ್ಟೋ ಹೊಣೆ ಒಬ್ಬರದು, ತೆಗೆಯೋ ಹಕ್ಕು ಇಬ್ಬರದು. ಆದರೂ ಅವರು ಗಂಡನ ಸಾಹಿತ್ಯದ ಒಡನಾಟ ತನಗೆ ಏನು ಕೊಟ್ಟಿತು ಅನ್ನೋದನ್ನೂ ಮರೆಯದೆ ಬರೆಯುತ್ತಾರೆ. ಎರಡೂ ಬದಿಯನ್ನು ಬರೆಯುವ ಈ ನ್ಯಾಯ ನನಗೆ ತುಂಬ ಹಿಡಿಸಿತು. ಹೆಣ್ಣುಮಕ್ಕಳ ಆತ್ಮಕಥೆ ಅಂದರೆ ಬರೀ ದೂರು ಅನ್ನುವವರು ಇದನ್ನೊಮ್ಮೆ ಓದಬೇಕು.

ಅದೇ ಹೌಜ್ ಖಾಸ್‌ನ ಕೆ-25ರಲ್ಲಿ ಅಮೃತಾ ಪ್ರೀತಂ ಇದ್ದರು, ಚಿತ್ರಕಾರ ಇಮ್ರೋಜ್ ಜೊತೆ. ಅಲ್ಲಿಂದಲೇ ‘ನಾಗಮಣಿ’ ಪತ್ರಿಕೆ ಬರುತ್ತಿತ್ತು. ತರಕಾರಿ ಚೀಲ ಹಿಡಿದುಕೊಂಡು ಆ ಕಡೆ ಎಷ್ಟೋ ಸಲ ಹಾದುಹೋಗಿದ್ದೇನೆ. ಅವರ ಬಗ್ಗೆ ಎಲ್ಲರೂ ಹೇಳುವ ಒಂದು ಕತೆ ಇದೆ: ಅಮೃತಾ ರಾತ್ರಿ ಹೊತ್ತು ಬರೆಯುವವರು, ನಡುರಾತ್ರಿ ಇಮ್ರೋಜ್ ಎದ್ದು ಟೀ ಮಾಡಿ, ಸದ್ದಿಲ್ಲದೆ ಅವರ ಮುಂದಿಟ್ಟು ಹೋಗುತ್ತಿದ್ದರು. ಕೇಳಿದವರಿಗೆಲ್ಲ ಕಣ್ಣು ತೇವವಾಗುತ್ತೆ. ನನಗೂ ಆಗಿತ್ತು. ಆಮೇಲೆ ಯೋಚನೆ ಬಂತು: ಅದೇ ರಾತ್ರಿ, ಅದೇ ಬೀದಿಯಲ್ಲಿ, ಓದುವ ಮಗನಿಗೆ, ಫೈಲು ನೋಡುವ ಗಂಡನಿಗೆ, ಕೆಮ್ಮುವ ಮಾವನಿಗೆ ಎಷ್ಟು ಹೆಂಗಸರು ಎದ್ದು ಟೀ ಮಾಡಿರಬಹುದು? ಅದು ಕತೆಯಾಗಲಿಲ್ಲ. ಗಂಡಸು ಮಾಡಿದ ಟೀ ಪ್ರೇಮ, ಹೆಂಗಸು ಮಾಡಿದ ಟೀ ಬರೀ ಟೀ. ಇದು ಇಮ್ರೋಜರನ್ನು ಹಳಿಯುವ ಮಾತಲ್ಲ. ಅವರು ಮಾಡಿದ್ದು ದೊಡ್ಡದೇ. ನಾನು ಹೇಳುತ್ತಿರೋದು ನಮ್ಮಂಥ ಓದುಗರ ಬಗ್ಗೆ. 2005ರಲ್ಲಿ ಅಮೃತಾ ತೀರಿಕೊಂಡರು, 2011ರಲ್ಲಿ ಆ ಮನೆಯನ್ನು ಮಾರಿ ಕೆಡವಿದರು, 2023ರಲ್ಲಿ ಇಮ್ರೋಜರೂ ಹೋದರು. ಟೀ ಕತೆ ಮಾತ್ರ ಉಳಿದಿದೆ.

ಈ ಲೆಕ್ಕದ ಹುಳುಕು ಸಾಹಿತ್ಯದ್ದು ಮಾತ್ರವಲ್ಲ, ನಾನು ಓದಿದ ಶಾಸ್ತ್ರದ್ದೂ ಹೌದು. ಎಂ.ಕಾಂ.ನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಪಿಗೂ ಅನ್ನೋ ಇಂಗ್ಲಿಷ್ ವಿದ್ವಾಂಸನ ಒಂದು ಮಾತು ಹೇಳಿ ನಗಿಸುತ್ತಿದ್ದರು: ಒಬ್ಬ ತನ್ನ ಮನೆಗೆಲಸದಾಕೆಯನ್ನೇ ಮದುವೆಯಾದರೆ ದೇಶದ ಆದಾಯ ಅಷ್ಟು ಕಮ್ಮಿಯಾಗುತ್ತದೆ, ಯಾಕೆಂದರೆ ಕೆಲಸ ಅದೇ, ಸಂಬಳ ಮಾತ್ರ ನಿಂತಿತು. ನಾವೂ ನಕ್ಕೆವು, ಪರೀಕ್ಷೆಯಲ್ಲಿ ಬರೆದೆವು. ಅದು ನಮ್ಮ ತಾಯಂದಿರ ವಿಚಾರ ಅಂತ ಹೊಳೆಯಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ದೇಶದುದ್ದಕ್ಕೂ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಅಂತ ಬಂತು. ಅದರಲ್ಲೂ ಹೆಂಗಸರಲ್ಲಿ ಮಾಡುವವರು ನೂರಕ್ಕೆ 81, ಗಂಡಸರಲ್ಲಿ 26. ದೆಹಲಿಯಲ್ಲಿ ರಸ್ತೆ ಅಪಘಾತದಲ್ಲಿ ಗಂಡಹೆಂಡಿರಿಬ್ಬರೂ ಸತ್ತ ಒಂದು ಪ್ರಕರಣದಲ್ಲಿ, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಕೆಲಸಕ್ಕೂ ಆದಾಯ ಅಂತ ಒಂದು ಮೊತ್ತ ಹಿಡಿಯಲೇಬೇಕು ಅಂದಿತು. ಸತ್ತ ಮೇಲಾದರೂ ಒಂದು ಅಂಕಿ ಬಿತ್ತಲ್ಲ ಅಂತ ಸಮಾಧಾನ ಪಡಬೇಕೋ, ಸತ್ತ ಮೇಲೆ ಬಿತ್ತಲ್ಲ ಅಂತ ಬೇಸರಪಡಬೇಕೋ, ನೀವೇ ಹೇಳಿ.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದು ಇರುತ್ತೆ. ಯಾವ ತಲೆಬರಹಕ್ಕೆ ಹಾಕಬೇಕು ಅಂತ ತಕ್ಷಣ ಗೊತ್ತಾಗದ ಎಂಟ್ರಿಯನ್ನು ಸದ್ಯಕ್ಕೆ ಅಲ್ಲಿ ಇಡೋದು. ನಿಯಮದ ಪ್ರಕಾರ ಬೇಗ ತೆಗೆದು ಸರಿಯಾದ ಜಾಗಕ್ಕೆ ಹಾಕಬೇಕು. ಹಾಕದೆ ವರ್ಷಗಟ್ಟಲೆ ಬಿಟ್ಟರೆ ಆಡಿಟರು ಬಂದು ಕಿವಿ ಹಿಂಡುತ್ತಾರೆ. ‘ಆಪ್‌ಕಾ ಬಂಟಿ’ಯಲ್ಲಿ ಹಾಗೆ ಸಸ್ಪೆನ್ಸಿನಲ್ಲೇ ಉಳಿದ ಎಂಟ್ರಿ ಫೂಫಿ. ಇದು ನನ್ನ ಮೂರನೆಯ ತಕರಾರು, ನಿಜವಾದ ತಕರಾರು. ಬಂಟಿಗೆ ಉಣ್ಣಿಸುವವಳು ಅವಳು, ಕತೆ ಹೇಳುವವಳು ಅವಳು, ಅಮ್ಮ ಕಾಲೇಜಿಗೆ ಹೋದಾಗ ಮನೆ ಅಂದರೆ ಅವಳೇ. ಶಕುನ್‌ಳ ಎರಡನೇ ಮದುವೆ ಅವಳಿಗೆ ಸರಿಬೀಳೋದಿಲ್ಲ. ಗೊಣಗುತ್ತಾಳೆ, ಬಯ್ಯುತ್ತಾಳೆ, ಕೊನೆಗೆ ಹರಿದ್ವಾರಕ್ಕೆ ಹೋಗುತ್ತೇನೆ ಅಂತ ಹೊರಟುಹೋಗುತ್ತಾಳೆ. ಅವಳು ಹೋದದ್ದರಿಂದ ಬಂಟಿಗೆ ಏನಾಯಿತು ಅನ್ನೋದು ಕಾದಂಬರಿಗೆ ಚೆನ್ನಾಗಿ ಗೊತ್ತು. ಅವಳಿಗೇನಾಯಿತು ಅಂತ ಯಾರೂ ಕೇಳೋದಿಲ್ಲ. ಬಂಟಿಯನ್ನು ಬೆಳೆಸಿದ ಎರಡು ಕೈಗಳು ಹರಿದ್ವಾರದ ಘಾಟಿನಲ್ಲಿ ಏನು ಮಾಡುತ್ತಿವೆ? ವಿಮರ್ಶಕರು ಶಕುನ್, ಅಜಯ್, ಬಂಟಿ ಅಂತ ತ್ರಿಕೋನ ಬರೆಯುತ್ತಾರೆ. ತ್ರಿಕೋನವನ್ನು ಬರೆದ ಹಲಗೆ ಯಾವುದು ಅಂತ ನೋಡೋದಿಲ್ಲ.

ಇದನ್ನೆಲ್ಲ ನಾನು ದೊಡ್ಡ ಕಂಠದಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಮಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಕಾದಂಬರಿಯ ಕತೆ ಹೇಳಿದೆ. ಅವನಿಗೆ ಹಿಂದಿ ಸಾಹಿತ್ಯ ಬೇಕಿಲ್ಲ, ಆದರೂ ಕೇಳಿದ. ನನಗೆ ಒಳಗೊಳಗೇ ಒಂದು ಭಯ. ‘ನಿನಗೂ ಹಾಗನ್ನಿಸ್ತಿತ್ತೇನೋ, ನಾನು ಡೆಲ್ಲಿಗೆ ಹೋದಾಗ?’ ಅಂತ ಕೇಳಿಯೇ ಬಿಟ್ಟೆ. ಇಪ್ಪತ್ತು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ.

‘ಇಲ್ಲಮ್ಮ, ಅಜ್ಜಿ ಇದ್ಲಲ್ಲ,’ ಅಂದ. ಆಮೇಲೆ ಪಲ್ಯ ಹಾಕಿಸಿಕೊಂಡು, ‘ಅಜ್ಜಿಗೆ ಹೆಂಗಿತ್ತೋ ಕೇಳ್ಬೇಕಿತ್ತು ನಾವು,’ ಅಂದ.

ನನ್ನ ಮೇಲಿನ ಆಪಾದನೆಯಿಂದ ಬಿಡುಗಡೆ ಸಿಕ್ಕಿತು. ಅದೇ ಉಸಿರಿನಲ್ಲಿ ಇನ್ನೊಂದು ಹೊರಿಸಿದ. ನಾನು ವರ್ಗಾವಣೆ ಒಪ್ಪಿಕೊಂಡಾಗ ಅಮ್ಮನಿಗೆ ಅರವತ್ತು ದಾಟಿತ್ತು, ಉಬ್ಬಸ ಇತ್ತು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಹೆಣ್ಣುಮಕ್ಕಳ ಮದುವೆಯೆಲ್ಲ ಮುಗಿದು, ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಬೆಳಗ್ಗೆ ಆರರ ತನಕ ಮಲಗುವ ಅವಕಾಶ ಬಂದಿತ್ತು. ‘ಮಗೂನ ನೋಡ್ಕೋತೀಯಾ ಅಮ್ಮ?’ ಅಂತ ನಾನು ಕೇಳಿದ ನೆನಪೇ ಇಲ್ಲ. ‘ಅವನು ನಿನ್ನ ಹತ್ರ ಇರ್ತಾನೆ’ ಅಂತ ಹೇಳಿದೆ. ಇನ್ನೊಂದು ವಿಚಾರ ಹೇಳಿದರೆ ನಿಮಗೆ ನಗು ಬರಬಹುದು. ಹುಡುಗನ ಅಪ್ಪ ನಲವತ್ತೈದು ಕಿಲೋಮೀಟರ್ ದೂರದ ಹಾಸನದಲ್ಲಿ, ಮೂರು ಕೋಣೆಯ ಮನೆಯಲ್ಲಿ ಇದ್ದರು. ಆರೋಗ್ಯವಂತರು, ಮಧ್ಯಾಹ್ನ ನಾಲ್ಕಕ್ಕೆ ಕಾಲೇಜು ಮುಗಿಯುತ್ತಿತ್ತು. ಶನಿವಾರ ಶನಿವಾರ ಬಿಸ್ಕತ್ತು ತೆಗೆದುಕೊಂಡು ಅರಸೀಕೆರೆಗೆ ಬರುತ್ತಿದ್ದರು. ಬಂದರೆ ಅಮ್ಮನಿಗೆ ಒಂದು ಎಲೆ ಹೆಚ್ಚು. ಹುಡುಗ ಅಪ್ಪನ ಹತ್ತಿರ ಯಾಕೆ ಇರಬಾರದು ಅಂತ ಯಾರೂ ಕೇಳಲಿಲ್ಲ. ಇವರಿಗೆ ಹೊಳೆಯಲಿಲ್ಲ, ಅಮ್ಮನಿಗೆ ಹೊಳೆಯಲಿಲ್ಲ, ಲೆಕ್ಕ ತಾಳೆ ಹಾಕೋದರಲ್ಲಿ ಜಾಣೆ ಅನ್ನಿಸಿಕೊಂಡ ನನಗೂ ಹೊಳೆಯಲಿಲ್ಲ. ಇವರನ್ನೇ ಈಗ ಕೇಳಿದರೆ, ‘ನೀನು ಹೇಳಿದ್ರೆ ನೋಡ್ಕೋತಿದ್ದೆನಪ್ಪ’ ಅನ್ನುತ್ತಾರೆ. ಇರಬಹುದು. ಇಮ್ರೋಜ್‌ಗೆ ಟೀ ಮಾಡು ಅಂತ ಯಾರು ಹೇಳಿದ್ದರೋ.

ಹಾಗಾಗಿ ನನ್ನ ವಿಮರ್ಶೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು. ಫೂಫಿಯನ್ನು ಕಾದಂಬರಿ ಮರೆತಿತು ಅಂತ ನಾನು ದೂರುತ್ತಿದ್ದೆನಲ್ಲ, ಮತ್ತೆ ತೆರೆದು ನೋಡಿದಾಗ ಅಷ್ಟು ಮರೆತಿಲ್ಲ ಅನ್ನಿಸಿತು. ಮನ್ನೂ ಭಂಡಾರಿಯವರು ಅವಳಿಗೆ ನಾಲಗೆ ಕೊಟ್ಟಿದ್ದಾರೆ. ಒಪ್ಪದ್ದನ್ನು ಒಪ್ಪೋದಿಲ್ಲ ಅನ್ನುವ, ಗಂಟುಮೂಟೆ ಕಟ್ಟಿ ಹೊರಡುವ ಅಧಿಕಾರ ಕೊಟ್ಟಿದ್ದಾರೆ. ಸಂಬಳದವಳಾದ್ದರಿಂದ ಫೂಫಿ ಕೆಲಸ ಬಿಡಬಲ್ಲಳು. ನನ್ನ ತಾಯಿಗೆ ಆ ಅನುಕೂಲ ಇರಲಿಲ್ಲ. ತಾಯಿತನಕ್ಕೆ ರಾಜೀನಾಮೆಯ ನಮೂನೆ ಇಲ್ಲ. ಹರಿದ್ವಾರಕ್ಕೆ ಹೊರಟ ಫೂಫಿಯನ್ನು ನಾನು ಮೂವತ್ತು ವರ್ಷ ಪಾಪ ಅಂದುಕೊಂಡಿದ್ದೆ. ಅವಳು ಆ ಕಾದಂಬರಿಯಲ್ಲಿ ತನ್ನಿಷ್ಟದಂತೆ ಮನೆ ಬಿಟ್ಟ ಒಬ್ಬಳೇ ವ್ಯಕ್ತಿ ಇರಬಹುದು.

ಆದರೂ ತಕರಾರಿನ ಒಂದು ಪಾಲು ಉಳಿಯುತ್ತದೆ, ಅದನ್ನು ಬಿಟ್ಟುಕೊಡಲಾರೆ. ಮನೆ ಅನ್ನೋದು ಗಂಡ, ಹೆಂಡತಿ, ಮಗು ಮೂವರ ಮನಸ್ಸಿನ ಕತೆ ಅಂತ ನಮ್ಮ ಆಧುನಿಕ ಕಾದಂಬರಿ ನಂಬಿಬಿಟ್ಟಿತು. ಮನೆಯಲ್ಲಿ ಮನಸ್ಸಿಗಿಂತ ಮೊದಲು ಕೆಲಸ ಇರುತ್ತದೆ: ಹಿಟ್ಟು ಉಬ್ಬಬೇಕು, ನೀರು ತುಂಬಬೇಕು, ಜ್ವರ ಬಂದವನ ಹಣೆಗೆ ಬಟ್ಟೆ ಹಾಕಬೇಕು. ಅದನ್ನು ಮಾಡುವವರನ್ನು ಅಂಚಿಗೆ ತಳ್ಳಿ ಬರೆದ ಮನೆಯ ಕತೆ ಎಷ್ಟೇ ಚೆನ್ನಾಗಿದ್ದರೂ ಅದರ ತಾಳೆಪಟ್ಟಿ ಸರಿಹೊಂದೋದಿಲ್ಲ. ‘ಆಪ್‌ಕಾ ಬಂಟಿ’ ಇಂಥ ಕತೆಗಳಲ್ಲಿ ತುಂಬ ಒಳ್ಳೆಯದು. ಅಂಚಿನಲ್ಲಾದರೂ ಫೂಫಿ ಕಾಣುತ್ತಾಳೆ, ಮಾತಾಡುತ್ತಾಳೆ. ಮಕ್ಕಳನ್ನು ಊರಲ್ಲಿ ಬಿಟ್ಟು ದೂರದಲ್ಲಿ ದುಡಿಯುವವರು, ಮೊಮ್ಮಕ್ಕಳನ್ನು ನೋಡಿಕೊಳ್ಳೋಕೆ ಅಂತ ಬೆಂಗಳೂರಿಗೋ ಅಮೆರಿಕಕ್ಕೋ ಕರೆಸಿಕೊಂಡ ಅಜ್ಜಿಯರು ಇರುವ ಮನೆಯವರು ಇದನ್ನು ಓದಿ ಅಂತ ನಾನು ಹೇಳುತ್ತೇನೆ. ಬಂಟಿಗಾಗಿ ಅಳಿ, ಪರವಾಗಿಲ್ಲ. ಆಮೇಲೆ ಒಂದು ಸಲ ಫೂಫಿಯ ಪುಟಗಳಿಗೆ ವಾಪಸು ಹೋಗಿ.

ಮನ್ನೂ ಭಂಡಾರಿಯವರು 2021ರ ನವೆಂಬರಿನಲ್ಲಿ ತೀರಿಕೊಂಡರು. ಅವರನ್ನು ನಾನು ಒಂದು ದಿನವೂ ನೋಡಲಿಲ್ಲ. ನನ್ನ ಅಮ್ಮ 2009ರಲ್ಲಿ ಹೋದಳು, ಕೇಳಬೇಕಾದ್ದನ್ನು ಕೇಳುವ ಮೊದಲೇ. 1995ರಲ್ಲಿ ನಾನು ದೆಹಲಿಯಿಂದ ವಾಪಸು ಬಂದ ದಿನ ಅವಳು ಮಗನನ್ನು ನನ್ನ ಮುಂದೆ ನಿಲ್ಲಿಸಿ, ‘ನೋಡ್ಕೊ, ಸರಿಯಾಗಿದಾನಾ’ ಅಂದಿದ್ದಳು. ಶಾಖೆಯ ಚಾರ್ಜು ವಹಿಸಿಕೊಡುವವರು ಹೀಗೇ ಹೇಳುತ್ತಾರೆ. ನಾನು ಮಗನನ್ನು ನೋಡಿದೆ, ಎತ್ತರವಾಗಿದ್ದ, ಖುಷಿಪಟ್ಟೆ. ಚಾರ್ಜು ತೆಗೆದುಕೊಳ್ಳುವವರು ಒಂದು ರುಜು ಹಾಕಬೇಕು. ಅದನ್ನು ಹಾಕಿರಲಿಲ್ಲ. ಈ ಬರಹವನ್ನು ಆ ರುಜು ಅಂತ ತಿಳಿದುಕೊಳ್ಳಿ.

ಒಳಕಲ್ಲಿನ ಗುಂಡು ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಕಲ್ಲು ಅರಸೀಕೆರೆಯ ಮನೆ ಮಾರುವಾಗ ಅಲ್ಲೇ ಉಳಿಯಿತು.